ಎಲೆಬಟ್ಟಲಿನ ನೀರು

ಕೊಳೆತ ಎಲೆಯನ್ನು ಮೂಗಿನ ಹತ್ತಿರ ಹಿಡಿದ ನಿವೃತ್ತ ಅಂಚೆಯಣ್ಣನಿಗೆ ಅನುಮಾನವೇ ಉಳಿಯಲಿಲ್ಲ. ಸೀಮೆಎಣ್ಣೆ! ಯಾರೋ ಬೇಕೆಂದೇ ಸುರಿದಿದ್ದಾರೆ.

ಹಿತ್ತಲ ಮರದ ಕೊಂಬೆಗಳಿಗೆ ಬ್ರೊಮೀಲಿಯಾಡ್ ಗಿಡಗಳನ್ನು ಕಟ್ಟಿ ಹನ್ನೊಂದು ವರ್ಷದಿಂದ ಸಾಕಿದ್ದ. ಮಣ್ಣಿನ ಹಂಗಿಲ್ಲದೆ ತೊಗಟೆ ಹಿಡಿದು ಬದುಕುವ ಜಾತಿ ಅದು. ಎಲೆಗಳು ಬುಡದಲ್ಲಿ ಕೂಡಿ ಬಟ್ಟಲಾಗಿ, ಅಲ್ಲಿ ನಿಂತ ನೀರನ್ನೇ ಗಿಡ ಕುಡಿಯುತ್ತದೆ. ಈಗ ಮೂರು ಗಿಡಗಳ ಸುಳಿ ಮುಟ್ಟಿದರೆ ಕೈಗೇ ಬರುತ್ತಿತ್ತು.

ಕೆಳಮನೆಯ ದರ್ಜಿಯದೇ ಕೆಲಸ. ಹೋದ ತಿಂಗಳು ಅವನ ಮಗಳು ಡೆಂಗಿ ಜ್ವರದಿಂದ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ಅಂದಿನಿಂದ ಅವನು ಮರವನ್ನು ನೋಡುವ ನೋಟವೇ ಬೇರೆ. ಅಂಚೆಯಣ್ಣ ಕಿಟಕಿಗೆ ಕುರ್ಚಿ ಎಳೆದುಕೊಂಡು ಕಾವಲು ಕೂತ. ಕೆಳಗೆ ಹೊಲಿಗೆಯಂತ್ರದ ಸದ್ದು ನಿಂತರೆ ಸಾಕು, ಕತ್ತು ಉದ್ದವಾಗುತ್ತಿತ್ತು. ಇಷ್ಟಾದರೂ ಐದನೆಯ ದಿನ ಇನ್ನೊಂದು ಗಿಡ ಕೊಳೆಯಿತು.

ಅವನು ದಡದಡನೆ ಇಳಿದು ಹೋದ. "ಮುಖಕ್ಕೆ ಮುಖ ಕೊಟ್ಟು ಹೇಳೋ ಧೈರ್ಯ ಇಲ್ವೇನಯ್ಯಾ ನಿಂಗೆ?"

ದರ್ಜಿ ಕತ್ತರಿ ಕೆಳಗಿಟ್ಟ. "ಸುಳ್ಳು ಯಾಕೆ ಹೇಳ್ಲಿ ಯಜಮಾನ್ರೇ, ಎಲ್ಲಾ ಕಿತ್ತು ಬಿಸಾಕೋಣ ಅನ್ಸಿತ್ತು. ಅಮ್ಮಾವ್ರೇ ಬೇಡ ಅಂದ್ರು."

"ಯಾವ ಅಮ್ಮಾವ್ರು?"

ದರ್ಜಿ ಮಹಡಿಯ ಕಡೆ ಕಣ್ಣು ಹಾಯಿಸಿ ಸೂಜಿಗೆ ದಾರ ಪೋಣಿಸತೊಡಗಿದ.

ಮೇಲೆ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಗಂಡನ ಮುಖ ನೋಡಿದವಳೇ ಹೇಳಿದಳು: "ಹೌದು, ನಾನೇ. ನೀವು ಸ್ನಾನಕ್ಕೆ ಹೋದಾಗ."

"ನೀನಾ?"

"ಆಸ್ಪತ್ರೇಲಿ ಆ ಮಗು ನನ್ನ ಬೆರಳು ಹಿಡ್ಕೊಂಡೇ ಮಲಗ್ತಿತ್ತು. ಸೊಳ್ಳೆ ಆಗುತ್ತೆ, ಗಿಡದ ಬಟ್ಟಲಲ್ಲಿರೋ ನೀರು ಚೆಲ್ಲಿ, ಹೊಸದು ಹಾಕಿ ಅಂತ ಎಷ್ಟು ಸಲ ಬಡ್ಕೊಂಡೆ? ಪೇಪರ್‌ನಿಂದ ತಲೆ ಎತ್ತಿದ್ರಾ?"

"ಅದಕ್ಕೆ ಕದ್ದು ಮಾಡೋದಾ?"

"ದರ್ಜಿ ಮಾಡಿದ್ರೆ ಜಗಳ ಆಡಿ ಗೆದ್ದುಬಿಡ್ತಿದ್ರಿ." ಅವಳು ಅವನದೇ ಅಂಗಿಯ ತೋಳು ಮಡಚಿ, ಮೇಲೆ ಅಂಗೈ ಒತ್ತಿದಳು. "ನನ್ಹತ್ರ ಹೇಗೆ ಗೆಲ್ತೀರಿ?"

ಅಂಚೆಯಣ್ಣ ಬಿಳಿ ಬಕೆಟ್ ಎತ್ತಿಕೊಂಡು ಹಿತ್ತಲಿಗೆ ಹೋದ.

ಸೀಮೆಎಣ್ಣೆ ಮುಟ್ಟದ ದೊಡ್ಡ ಗಿಡವೊಂದು ಎದೆಯೆತ್ತರದ ಕೊಂಬೆಯಲ್ಲಿತ್ತು. ಅದರ ಕಟ್ಟು ಬಿಚ್ಚಿ ಬಕೆಟ್ಟಿನ ಮೇಲೆ ಮೆಲ್ಲನೆ ಬಗ್ಗಿಸಿದ. ನೀರು ಬಳಬಳನೆ ಬಿತ್ತು. ಕಲಕಿದ್ದು ತಿಳಿಯಾಗುವವರೆಗೆ ಕಾದು, ಕನ್ನಡಕ ಸರಿಪಡಿಸಿಕೊಂಡು ಬಗ್ಗಿ ನೋಡಿದ. ಬಿಳಿಯ ತಳದ ಮೇಲೆ ಕೂದಲೆಳೆಯಂಥ ಕಪ್ಪು ಹುಳುಗಳು, ಎಣಿಸಲಾಗದಷ್ಟು, ಕೊಂಕುತ್ತ ಸೆಟೆಯುತ್ತ ಉಸಿರಿಗಾಗಿ ಮೇಲೆ ಬರುತ್ತಿದ್ದವು.