ಟಿಕೆಟ್ ಕಲೆಕ್ಟರನ ಬಾಯಿ

ಯಾರೋ ಹುರಿದ ಕುಂಬಳಬೀಜ ಕಡಿದರು, ಹಲ್ಲಿನ ನಡುವಿನ ಆ ಸಣ್ಣ ಸದ್ದು ಎವಾರಿಸ್ತೋನ ಎದೆಗೇ ತಾಗಿತು, ಪರದೆಯ ಮೇಲೆ ರೈಲು ಆಗಲೇ ಫೋಲಿನ್ಯೋ ಬಿಡುತ್ತಿದೆ, ನಮ್ಮೂರ ಸ್ಟೇಷನ್ನು ನೋಡ್ರೋ ಎಂದು ಹಿಂದಿನ ಬೆಂಚು ಕೂಗುತ್ತದೆ, ಪಕ್ಕದಲ್ಲಿ ನೆರೀನಾ, ಕಣ್ಣು ಹೋದಮೇಲೆ ಮೊದಲ ಸಲ ಸಿನಿಮಾಕ್ಕೆ ಬಂದ ಹೆಂಡತಿ, ಹಬ್ಬದ ಕೋಟು ತೊಟ್ಟು, ಮುಖವನ್ನು ದನಿ ಬರುವ ಮೂಲೆಯತ್ತ ತಿರುಗಿಸಿ — ಯಾವ ಪಾತ್ರ ಅಂತ ಹೇಳ್ಬೇಡ, ದನಿಯಲ್ಲೇ ಹಿಡೀತೀನಿ ನಿನ್ನ, ಎಂದು ಚಳಿಗಾಲವಿಡೀ ಹೇಳಿದವಳು, ಅವನು ಹ್ಞೂಂ ಎಂದವನು, ಊರೂರ ರಂಗದ ಮೇಲೆ ಹೆಣವಾಗಿ, ಪಾದ್ರಿಯಾಗಿ ಸವೆದು ಕೊನೆಗೊಮ್ಮೆ ಸಿನಿಮಾ ಸೇರಿದವನು, ಶೂಟಿಂಗಿನ ದಿನ ಆ ಬೋಗಿಯೊಳಗೆ ಎಂಥ ಸೆಕೆ, ಅವನು ತೊಟ್ಟ ಟಿಕೆಟ್ ಕಲೆಕ್ಟರನ ಟೋಪಿಯಡಿ ಬೆವರು, ಎದುರಿಗೆ ಧಡೂತಿ ಹೆಂಗಸಿನ ಹ್ಯಾಟಿನಲ್ಲಿ ಕೋಳಿ, ಮಾತು ನೆನಪಿಲ್ಲದಿದ್ರೆ ಒಂದು ಎರಡು ಎಣಿಸಯ್ಯಾ, ತುಟಿ ಆಡಿದ್ರಾಯ್ತು, ದನಿ ಆಮೇಲೆ ರೋಮ್‌ನಲ್ಲಿ ಹಚ್ತೀವಿ, ಎಂದಿದ್ದ ನಿರ್ದೇಶಕ, ಎಲ್ಲರೂ ಎಣಿಸುತ್ತಿದ್ದರು, ನಾಯಕಿ ತನ್ನ ಪ್ರೇಮವನ್ನೇ ನಲವತ್ತರವರೆಗೆ ಎಣಿಸಿ ಮುಗಿಸಿದಳು, ಅವನೂ ಎಣಿಸಿದ, ಕೋಳಿಯ ಮುಂದೆ ಅಗಲವಾಗಿ ತೆರೆದ ಆ ಬಾಯಿ, ಆಮೇಲೆ ದನಿ ಕೊಡಲು ರೋಮ್‌ನಿಂದ ಕರೆ ಬಂದೀತೆಂದು ಹಸಿಮೊಟ್ಟೆ ಕುಡಿದು ಗಂಟಲು ಹದಮಾಡಿಕೊಂಡು ಕಾದ, ಬಂದದ್ದು ಕಾಫಿ ಅಂಗಡಿಯಲ್ಲಿ ಸಿಕ್ಕ ಸಹಾಯಕ ನಿರ್ದೇಶಕನ ಮಾತು, ನಿನ್ ಮುಖ ಚಿನ್ನ ಕಣಯ್ಯಾ, ದನಿ ಮಾತ್ರ ಹೆಣ ಹೂಳೋಕೆ ಹೊರಟ ಪಾದ್ರೀದು, ಬೇರೆಯವನ ಕೈಲಿ ಹೇಳಿಸಿಬಿಟ್ವಿ — ಅಂದೇ ಹೇಳಬೇಕಿತ್ತು ಅವಳಿಗೆ, ಸೂಪು ಬಡಿಸುವಾಗ, ಮೆಟ್ಟಿಲಿಳಿಸುವಾಗ, ಈಗಲೂ ಹೇಳಬಹುದು, ಕಿವಿಯತ್ತ ಬಾಗಿದರೆ ಸಾಕು, ಸುರಂಗ ಬಂತು, ಸುರಂಗ ಮುಗಿದರೆ ಅವನ ದೃಶ್ಯ, ನೆರೀನಾ — ಏನು — ಏನಿಲ್ಲ, ಚಳಿಯಾಗ್ತಿದ್ಯಾ — ಸುಮ್ನಿರು, ನಿನ್ ಮಾತು ತಪ್ಪಿಹೋಗತ್ತೆ, ಬೆಳಕು, ಟೋಪಿ, ಮೀಸೆ, ಗೋಡೆಯಗಲದ ಬಾಯಿ ತೆರೆಯುತ್ತದೆ, ಒಳಗಿನಿಂದ ಯಾವನದೋ ಕೀರಲು ದನಿ, ಅಮ್ಮಾವ್ರೇ, ನಿಮ್ಮ ಹ್ಯಾಟು ಮೊಟ್ಟೆ ಇಡೋ ಹಾಗಿದೆ, ಅದಕ್ಕೂ ಟಿಕೆಟ್ ತಗೊಂಡಿದೀರಾ, ಇಡೀ ಥಿಯೇಟರು ಬಿದ್ದು ಬಿದ್ದು ನಗುತ್ತದೆ, ಮುಂದೆ ಕೂತ ಕ್ಷೌರಿಕ ಓರೆಸ್ತೆ ತಿರುಗಿ ಅವನತ್ತ ಭೇಷೆಂಬಂತೆ ಕಣ್ಣು ಮಿಟುಕಿಸುತ್ತಾನೆ, ನೆರೀನಾಳೂ ನಗುತ್ತಾಳೆ, ಎಷ್ಟು ವರ್ಷದ ಮೇಲೆ ಆ ನಗು, ಕಣ್ಣೊರೆಸಿಕೊಂಡು ಅವನ ತೋಳು ಜಗ್ಗುತ್ತಾಳೆ, ಯಾರೋ ಇವನು, ಎಷ್ಟು ಚೆನ್ನಾಗಿ ಮಾಡ್ತಾನೆ, ಇವನಾದ್ಮೇಲೆ ನೀನು ಬಂದ್ರೆ ಕಷ್ಟ ಕಣೋ, ನಿಂದು ಯಾವಾಗ — ಉಸಿರೆಳೆದುಕೊಂಡ, ಮಾತು ನಾಲಗೆಯವರೆಗೆ ಬಂತು, ಮೇಲೆ ಪರದೆಯಲ್ಲಿ ಅವನದೇ ಆ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತೆರೆಯುತ್ತದೆ, ಆ ಬಾಯಿ