ಹಸಿರು ಬಾವುಟ ಹಿಡಿದ ಕೈ

ಐವತ್ತು ವರ್ಷಗಳ ಹಿಂದೆ ನಮ್ಮ ಗೂಡ್ಸ್ ಯಾರ್ಡಿನಲ್ಲಿ ತೆಗೆದ ಸಾಕ್ಷ್ಯಚಿತ್ರವನ್ನು ತೊಳೆದು ಹೊಸದಾಗಿಸಿದ್ದೇವೆಂದು ಸಂಗ್ರಹಾಲಯದ ಅಧಿಕಾರಿ ನನ್ನನ್ನೂ ಅತ್ತಿಗೆಯನ್ನೂ ಕರೆಸಿದ್ದ. ತೀರಿಹೋದ ಅಣ್ಣನ ದೃಶ್ಯವನ್ನು ಜನರಿಗೆ ತೋರಿಸಲು ಅತ್ತಿಗೆಯ ಒಪ್ಪಿಗೆ ಬೇಕಿತ್ತು. ಅವಳ ಬಳಿ ಅಣ್ಣನ ಒಂದು ಫೋಟೋ ಕೂಡ ಇರಲಿಲ್ಲ.

ಪರದೆಯ ಮೇಲೆ ಕಂಡದ್ದೆಲ್ಲ ಹೆಣದ ಸಿಂಗಾರ. ಹಳಿಯ ಪಕ್ಕದ ಕಲ್ಲುಗಳಿಗೆ ಸುಣ್ಣ; ಬೆಳಿಗ್ಗೆ ಹಂಚಿ ಸಂಜೆ ಕಿತ್ತುಕೊಂಡ ಸಮವಸ್ತ್ರ. ಕೊಳೆತ ಆಲೂಗಡ್ಡೆಯ ರಸ ಸೋರುತ್ತಿದ್ದ ವ್ಯಾಗನ್ನುಗಳ ಕಡೆಗೆ ಕ್ಯಾಮೆರಾ ತಿರುಗಲೇ ಇಲ್ಲ. ಹಿನ್ನೆಲೆಯ ದನಿಯೊಂದು ಶ್ರಮದ ಸೌಂದರ್ಯವನ್ನು ಜೇನಿನಲ್ಲಿ ಅದ್ದಿ ಬಣ್ಣಿಸುತ್ತಿತ್ತು. ನೋಡಿ ಹೇಸಿಗೆಯಾಯಿತು.

ಆಮೇಲೆ ಅಣ್ಣ ಬಂದ. ವ್ಯಾಗನ್ನುಗಳ ನಡುವೆ ನುಗ್ಗಿ ಕೊಂಡಿ ಹಾಕುವುದು ಅವನ ಕೆಲಸ. ವ್ಯಾಗನ್ನು ಪೂರ್ತಿ ನಿಂತು, ಕೆಂಪು ಬಾವುಟ ಕಂಡ ಮೇಲೆಯೇ ನುಗ್ಗಬೇಕೆಂಬುದು ಯಾರ್ಡಿನ ಮೊದಲ ಪಾಠ. ಚಿತ್ರದಲ್ಲಿ ಅವನು ಉರುಳಿಬರುತ್ತಿದ್ದ ವ್ಯಾಗನ್ನಿನ ಮುಂದೆ ಬಗ್ಗಿ ಒಳಹೊಕ್ಕು, ನಗುತ್ತ ಹೊರಬಂದ.

"ಆಹಾ, ಏನ್ ಕೈಚಳಕ ಅಜ್ಜಾ!" ಅಧಿಕಾರಿ ಚಪ್ಪಾಳೆ ತಟ್ಟಿದ. "ಪೋಸ್ಟರಿಗೂ ಇದನ್ನೇ ಹಾಕ್ತೀವಿ."

"ಕತ್ತರಿಸಿ ಬಿಸಾಕಯ್ಯ ಅದನ್ನ!" ನಾನು ರೇಗಿದೆ. " ನಿಂತ ವ್ಯಾಗನ್ನು ಚೆಂದ ಕಾಣಲ್ಲ ಅಂತ ನಿನ್ನಂಥ ರಸಿಕನೇ ಒಬ್ಬ ಇದನ್ನ ಆರು ಸಲ ಮಾಡಿಸಿದ. ಏಳನೇ ಸಲಕ್ಕೆ ಅಣ್ಣ ಹೊರಗೆ ಬರಲಿಲ್ಲ."

ಅಧಿಕಾರಿಯ ಕೈಗಳು ಗಾಳಿಯಲ್ಲಿಯೇ ನಿಂತವು. ಅತ್ತಿಗೆ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

"ಇನ್ನೊಂದ್ಸಲ ಹಾಕಪ್ಪಾ," ಎಂದಳು. ಹಾಕಿದ. "ನಿಲ್ಸು." ಆಮೇಲೆ ನನ್ನ ಕಡೆ ತಿರುಗಿದಳು. "ಆ ಮೂಲೇಲಿ ಹಸಿರು ಬಾವುಟ ಹಿಡಿದಿರೋನು ನೀನಲ್ವೇನೋ?"

ನಾನು ಕನ್ನಡಕ ತೆಗೆದು ಒರೆಸತೊಡಗಿದೆ.

"ನೀನು ಹಸಿರು ಬೀಸದೆ ಇಂಜಿನ್ ಅಲ್ಲಾಡುತ್ತಾ? ಅವರೇ ಅವಸರಪಟ್ಟು ನುಗ್ಗಿದ್ರು ಅಂತ ಇಷ್ಟು ವರ್ಷ ನನ್ನ ಕಿವೀಲಿ ಊದ್ದೆಯಲ್ಲೋ."

"ಸಿನಿಮಾದವರು ಬೀಸು ಅಂದ್ರು, ಅತ್ತಿಗೆ."

"ಅವರು ಬಾವಿಗೆ ಬೀಳು ಅಂದಿದ್ರೆ?"

ಅಷ್ಟು ಹೊತ್ತು ಪರದೆಯ ಮೇಲಿದ್ದ ಹೇಸಿಗೆ ನನ್ನ ಮೈಮೇಲೆಯೇ ಸುರಿದಂತಾಯಿತು. ಮಡಿಲಲ್ಲಿದ್ದ ನನ್ನ ಬಲಗೈಯನ್ನು ಮುಟ್ಟಲೂ ಅಸಹ್ಯವಾಯಿತು.

ಅತ್ತಿಗೆ ಒಪ್ಪಿಗೆ ಪತ್ರವನ್ನು ಎಳೆದುಕೊಂಡು ಹೆಬ್ಬೆಟ್ಟನ್ನು ಶಾಯಿಗೆ ಒತ್ತಿದಳು. "ಒಂದು ಚೂರೂ ಕತ್ತರಿಸಬೇಡಪ್ಪ. ನಮ್ಮೋರು ನಗ್ತಿದಾರೆ, ನಗಲಿ. ಏಳನೇ ಸಲ ಏನಾಯ್ತು ಅಂತ ಕೆಳಗೆ ಬರಿ. ಬಾವುಟ ಬೀಸಿದ್ದು ಯಾರು ಅಂತಾನೂ ಬರಿ."

ಅಧಿಕಾರಿ ಸಂಕೋಚದಿಂದ ಪೆನ್ನಿನ ಮುಚ್ಚಳ ತೆಗೆದ. "ಅಜ್ಜಾ, ನಿಮ್ಮ ಪೂರ್ತಿ ಹೆಸರು?"

ಹೇಳಿದೆ. ಅವನಿಗೆ ಕೇಳಿಸಲಿಲ್ಲ; ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.