ಬೆನ್ನ ಹಿಂದಿನ ಎರೆಭೂತ

ತೀರಿಕೊಂಡು, ಗೋಡೆಗೆ ಆನಿಸಿ ಕೂಡಿಸಿದ್ದ ಅಣ್ಣನ ತಲೆ ವಾಲದಂತೆ ಕಲ್ಮೇಶ ಬಿಳಿ ಪಟ್ಟಿ ಕಟ್ಟುತ್ತಿದ್ದ. ತುದಿಯನ್ನು ಮೊಳೆಗೆ ಬಿಗಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

‘ಈಗ ಸರಿ ಕುಂತಾನ. ಮಧು, ಫ್ಲೆಕ್ಸಿನಾಂವ ಮತ್ತ ಫೋನ್ ಮಾಡಿದ್ದ. ಒಂದ ಫೋಟೋ ಕಳಸಾಕ ಎಷ್ಟೊತ್ತವಾ?’

‘ಹುಡಕಾಕ ಹತ್ತೇನಿ ಕಾಕಾ. ಸಿಗವಲ್ದು.’

‘ಮನಿ ತುಂಬ ಫೋಟೋ ಇಟ್ಕೊಂಡು ಸಿಗವಲ್ದು ಅಂತೀಯಲ್ಲ!’

ಮನೆ ತುಂಬ ಇದ್ದದ್ದು ನಿಜ. ದಾಂಡೇಲಿಯ ಮಂಗಟ್ಟೆ ಹಕ್ಕಿ, ನವಿಲುತೀರ್ಥದ ಹಿನ್ನೀರಿನ ಬಾತು, ಸವದತ್ತಿ ಗುಡ್ಡದ ನರಿ. ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದ ಮಧುವಿನ ಅಪ್ಪ ನಿಜಗುಣಪ್ಪ ವಾರದ ರಜೆಯನ್ನೆಲ್ಲ ಕ್ಯಾಮೆರಾದ ಹಿಂದೆ ಕಳೆದಿದ್ದರು. ನಿವೃತ್ತಿಯ ನಂತರವೂ ಹೋಗುತ್ತಿದ್ದದ್ದು ಭಾನುವಾರವೇ. ಜೊತೆಗಾರ ರಫೀಕನ ಟಯರ್ ಅಂಗಡಿಗೆ ಅಂದೇ ಸೂಟಿ. ಶನಿವಾರ ಸಂಜೆ ಎದೆ ಹಿಡಿದು ಕುಳಿತವರು ಏಳಲಿಲ್ಲ. ವಯಸ್ಸು ಅರವತ್ತಮೂರು.

ಅವರ ಮುಖವಿದ್ದ ಫೋಟೋ ಮನೆಯಲ್ಲಿ ಎರಡೇ. ಮದುವೆಯದರಲ್ಲಿ ಬಾಸಿಂಗ ಹಣೆಯಿಂದ ಮೂಗಿನವರೆಗೆ ಮುಚ್ಚಿತ್ತು. ನೌಕರಿಯ ಗುರುತಿನ ಚೀಟಿಯಲ್ಲಿ ಮೊಹರು ಗಲ್ಲದಿಂದ ಮೂಗಿನವರೆಗೆ ಏರಿತ್ತು.

ಭಾನುವಾರದ ಚೀಲ ಬಾಗಿಲ ಹಿಂದೆ ತಯಾರಾಗಿ ತೂಗುತ್ತಿತ್ತು. ಕ್ಯಾಮೆರಾದಲ್ಲೇನಾದರೂ ಇರಬಹುದೆಂದು ಮಧು ತೆರೆದಳು. ಕಾರ್ಡು ಹೊರಬಂತು. ಅದರ ಮೇಲೆ ಕೆಂಪು ಚುಕ್ಕೆ. ಆರು ವರ್ಷದ ಹಿಂದೆ ಉಗುರುಬಣ್ಣದಿಂದ ಆ ಚುಕ್ಕೆ ಇಟ್ಟವಳು ಅವಳೇ, ‘ಕೆಟ್ಟ ಕಾರ್ಡು’ ಎಂಬ ಗುರುತಿಗೆ. ಈಗ ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಫೋಟೋಗಳಿದ್ದವು. ಕೊನೆಯದು ಹೋದ ಭಾನುವಾರದ್ದು.

ಅಪ್ಪನಿಗೆ ಗೊತ್ತಿತ್ತು.

*

2019ರ ಜನವರಿಯಲ್ಲಿ ನಿಜಗುಣಪ್ಪ ಮತ್ತು ರಫೀಕ್ ಜೈಸಲ್ಮೇರದ ಮರುಭೂಮಿ ಉದ್ಯಾನಕ್ಕೆ ಹೋಗಿಬಂದರು. ಎರೆಭೂತದ ಸಲುವಾಗಿ. ಮೀಟರ್ ಎತ್ತರದ ಆ ಹಕ್ಕಿ ದೇಶದಲ್ಲಿ ಇನ್ನೂರೂ ಉಳಿದಿಲ್ಲ ಎಂದು ವರ್ಷವಿಡೀ ಹೇಳುತ್ತಿದ್ದ ನಿಜಗುಣಪ್ಪ, ಹೊಸ್ತಿಲಲ್ಲೇ ಕೂಗಿದ್ದರು: ‘ಸಿಕ್ತು!’

‘ತೋರಸ್ರಿ ಮತ್ತ,’ ಅಂದಳು ಹೆಂಡತಿ ಸೋಮವ್ವ.

‘ಟೀವಿಗೆ ಹಚ್ಚಿ ದೊಡ್ಡದಾಗಿ ತೋರಸ್ತೇನಿ. ಬರೂ ಐತವಾರ.’

ಎರಡು ಐತವಾರ ಬಂದುಹೋದವು. ಮೂರನೆಯದಕ್ಕೆ ಮೊದಲು ಮಧು ಗೆಳತಿ ನೀಲಾಳ ನಿಶ್ಚಯಕ್ಕೆ ಕ್ಯಾಮೆರಾ ಒಯ್ದಳು. ಕಾರ್ಡು ತುಂಬಿದೆ ಎಂದಿತು ತೆರೆ. ನೀಲಾ ಉಂಗುರ ಹಿಡಿದು ನಿಂತಿದ್ದಳು. ಅಪ್ಪ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿರುತ್ತಾನೆಂದುಕೊಂಡು ಮಧು ಅಳಿಸಿಬಿಟ್ಟಳು. ಮನೆಗೆ ಬಂದು ಹುಡುಕಿದರೆ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ.

‘ಕಾರ್ಡ್ ಕೆಟ್ಟೈತಿ ಅಪ್ಪಾ. ತೆರಿಯವಲ್ದು.’

ನಿಜಗುಣಪ್ಪ ಕಾರ್ಡನ್ನು ಬೆರಳಲ್ಲಿ ತಿರುಗಿಸಿದರು. ‘ಹೋಗ್ಲಿ ಬಿಡು,’ ಅಂದು ಅದನ್ನು ಕಿಸೆಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಟುಹೋದರು. ಬೈದಿದ್ದರೆ ಅವಳು ಅಂದೇ ಅತ್ತು ಹೇಳಿಬಿಡುತ್ತಿದ್ದಳು.

*

ಅಪ್ಪನಿಗೆ ಬಿಲ್ವಪತ್ರಿ ಏರಿಸುವಾಗ ಕಿವಿಯಲ್ಲಿ ‘ತಪ್ಪಾತು’ ಅನ್ನಬೇಕೆಂದು ಮಧು ಬೆಳಗಿನಿಂದ ಅಂದುಕೊಂಡಿದ್ದಳು. ಈಗ ಅದೂ ಸಾಲದೆನಿಸಿತು. ಮಾಲೆ ಹಿಡಿದು ಬಂದ ರಫೀಕನನ್ನು ಹಿತ್ತಲಿಗೆ ಕರೆದೊಯ್ದಳು.

‘ಮಾಮಾ, ಎರೆಭೂತದ ಆ ಕಾರ್ಡ್ ಕೆಟ್ಟಿರಲಿಲ್ಲ. ನಾನ ಅಳಿಸಿದ್ದೆ. ಅಪ್ಪಗ ಗೊತ್ತಿತ್ತು, ಹೌದಲ್ಲೋ?’

‘ಗೊತ್ತಿತ್ತು. ಆವತ್ತ ನಿಮ್ಮ ಮನಿಯಿಂದ ಸೀದಾ ನನ್ನ ಅಂಗಡಿಗೇ ಬಂದು ಕಾರ್ಡ್ ಕಂಪ್ಯೂಟರಿಗೆ ಹಚ್ಚಿ ನೋಡಿದ್ರು. “ರಫೀಕ, ಪಾರಾದ್ನೋ! ಮಗಳು ಕಾರ್ಡ್ ಅಳಿಸ್ಯಾಳ” ಅಂದ್ರು. ಮಿರ್ಚಿ, ಚಾ ಎಲ್ಲಾ ಆತು.’

‘ಪಾರಾದ್ನೋ ಅಂದ್ರ?’

‘ಅದರಾಗ ಹಕ್ಕಿ ಎಲ್ಲಿತ್ತವಾ! ಬರೇ ಉಸುಕು, ಎರಡ ಒಂಟಿ. ಮನ್ಯಾಗ ಸಿಕ್ತು ಅಂದಬಿಟ್ಟಿದ್ರು. ಐತವಾರ ಬಂತಂದ್ರ ಎದಿ ಧಸಕ್ ಅಂತಿತ್ತು ಅಣ್ಣಾರಿಗೆ.’

ಮಧು ಒಗೆಯುವ ಕಲ್ಲಿನ ಮೇಲೆ ಕುಳಿತಳು. ‘ನನಗರ ಹೇಳಬೇಕಿಲ್ಲೊ?’

‘ನಾನೂ ಅಂದೆ. “ಆಕಿ ಸುಳ್ಳು ಹೊರಗ ಬಂದ್ರ ನಂದೂ ಬರತೈತಿ, ಸುಮ್ಕಿರು” ಅಂತ ಆಣಿ ಹಾಕಿಸ್ಯಾರ.’

‘ಮೂರ ದಿನ ಕುಂತ್ರೂ ಹಕ್ಕಿ ಬರಲೇ ಇಲ್ಲೇನ?’

ರಫೀಕ್ ತಲೆ ಕೆರೆದುಕೊಂಡ. ‘ಬಂದಿತ್ತು. ಅವರ ಕಾನೂನು ನಿನಗ ಗೊತ್ತೈತಿ. ಅವರು ಕ್ಯಾಮೆರಾ ಹಿಡದು ಮಲಗಿದ್ರ ಯಾರೂ ಉಸರ ಬಿಡಬಾರದು. ದಾಂಡೇಲಿಯೊಳಗ ಒಮ್ಮೆ ಕೆಮ್ಮಿದ್ದಕ್ಕ ಎಂಟ ದಿವಸ ಮಾತ ಬಿಟ್ಟಿದ್ರು. ಅದಕ ನಾ ಸುಮ್ನ ಕುಂತೆ. ಫೋನಿನ್ಯಾಗ ಒಂದ ಹೊಡದೆ.’

ಫೋನು ಮುಂದೆ ಹಿಡಿದ. ಉಸುಕಿನಲ್ಲಿ ಬೋರಲು ಮಲಗಿದ ನಿಜಗುಣಪ್ಪ, ಒಂದು ಕಣ್ಣು ಕ್ಯಾಮೆರಾಕ್ಕೆ, ಇನ್ನೊಂದು ಬಿಗಿಯಾಗಿ ಮುಚ್ಚಿದೆ. ಅಂಗಾಲು ಮೇಲೆ. ಅವರ ಹಿಂದೆ ಐವತ್ತು ಹೆಜ್ಜೆಯಾಚೆ ಉದ್ದ ಬಿಳಿ ಕುತ್ತಿಗೆ, ಕಪ್ಪು ನೆತ್ತಿ. ಮಧು ಎರಡು ಬೆರಳಿನಿಂದ ಹಿಗ್ಗಿಸಿದಳು. ಸಂದೇಹವಿರಲಿಲ್ಲ.

‘ರೈಲಿನ್ಯಾಗ ತೋರಿಸಿದೆ. ಅಹಮದಾಬಾದ್‌ತನಕ ಬೈದ್ರು. ಅಲ್ಲಿಂದ ಪುಣೆತನಕ ನಕ್ರು.’

ಮಧು ಓಢಣಿಯನ್ನು ಬಾಯಿಗೆ ಒತ್ತಿಕೊಂಡಳು. ಹೆಗಲು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದುಕೊಂಡು ನೆರೆಮನೆಯ ರಾಚವ್ವ ನೀರು ತಂದಳು.

ಒಳಗೆ ಸೋಮವ್ವ ಫೋನನ್ನು ದೂರ ಹಿಡಿದು ನೋಡಿದಳು.

‘ಅಪ್ಪಗ ಹಕ್ಕಿ ಸಿಕ್ಕಿರಲಿಲ್ಲ ಅವ್ವಾ.’

‘ನನಗ ಆವತ್ತ ಗೊತ್ತಾತು. ಸಿಕ್ಕಿದ್ರ ಚಪ್ಪಲ್ ಬಿಡೂ ಮೊದಲ ತೋರಿಸ್ತಿದ್ರು.’ ಫೋನು ಮರಳಿಸಿದಳು. ‘ಇದನ್ನ ಕಳಸು.’

ಹತ್ತು ನಿಮಿಷಕ್ಕೆ ಕಲ್ಮೇಶನ ಫೋನು ರಿಂಗಾಯಿತು. ‘ಮಧು, ಅರ್ಧ ಮುಖ ಅಷ್ಟ ಕಾಣತೈತಿ ಅನ್ನಾಕ ಹತ್ಯಾನ. ಹಿಂದಿನ ಹಕ್ಕಿ ಕತ್ತರಿಸಿ ಮುಖ ದೊಡ್ಡದ ಮಾಡ್ಲಿ ಅಂತ ಕೇಳ್ತಾನ.’

‘ಹಕ್ಕಿಗೆ ಕೈ ಹಚ್ಚಬ್ಯಾಡ ಅಂತ ಹೇಳ್ರಿ.’

‘ಜನ ಏನಂತಾರ?’

‘ಅಣ್ಣಾರನ್ನ ಬಲ್ಲವ್ರು ಏನೂ ಅನ್ನಂಗಿಲ್ರಿ,’ ಅಂದ ರಫೀಕ್.

ಮಧ್ಯಾಹ್ನ ಮಧುವಿನ ಸರದಿ ಬಂತು. ವಿಭೂತಿ ಹಚ್ಚಿ, ಪತ್ರಿ ಏರಿಸಿ, ಅಪ್ಪನ ಕಿವಿಯತ್ತ ಬಗ್ಗಿದಳು.

‘ಅಪ್ಪಾ, ಹಿಂದ ಐತಿ ನೋಡು.’

ಮೂರು ಗಂಟೆಗೆ ಟ್ರ್ಯಾಕ್ಟರ್ ಹೊರಟಿತು. ಟ್ರೇಲರಿನಲ್ಲಿ, ಅಂತ್ಯಯಾತ್ರೆಗೆಂದು ಕಟ್ಟಿದ ಚೆಂಡುಹೂವಿನ ವಿಮಾನದೊಳಗೆ ನಿಜಗುಣಪ್ಪ ಮುಂದೆ ನೋಡುತ್ತ ಕುಳಿತಿದ್ದರು. ಅವರ ಬೆನ್ನಿಗೇ ಫ್ಲೆಕ್ಸು ಕಟ್ಟಿತ್ತು. ಗುಂಡಿಗೆ ಟ್ರೇಲರ್ ಎಗರಿದಾಗಲೆಲ್ಲ ಅದು ಗಾಳಿ ತುಂಬಿ ಉಬ್ಬುತ್ತಿತ್ತು, ಹಕ್ಕಿ ಕುತ್ತಿಗೆ ಎತ್ತಿ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಅದರ ಹಿಂದೆ ನಡೆಯುತ್ತಿದ್ದ ರಫೀಕ್ ಕೆಮ್ಮು ತಡೆದುಕೊಂಡಿದ್ದ.